ಜಾತ್ರೆಯ ಲೆಕ್ಕ, ರಥದ ಚಿತ್ರ, ಶುಕ್ರವಾರದ ಕರೆ: ಮಾತಿಗೆ ಗೆರೆ ಎಲ್ಲಿ?

ಪ್ರಶ್ನೆ: ನಮ್ಮೂರಿನ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಸುಮಾರು ಇನ್ನೂರು ಜನ ಇದ್ದೇವೆ. ಜಾತ್ರೆ ಮುಗಿದ ಮೇಲೆ ಒಬ್ಬರು ‘ವಂತಿಗೆ ಎಷ್ಟು ಬಂತು, ಖರ್ಚು ಎಷ್ಟಾಯಿತು, ಲೆಕ್ಕ ಎಲ್ಲಿ?’ ಎಂದು ಬರೆದರು. ಮಾರನೆಯ ದಿನ ಒಬ್ಬ ಕಾಲೇಜು ಹುಡುಗ, ರಥದಲ್ಲಿ ದೇವರ ಜಾಗದಲ್ಲಿ ದೇವಸ್ಥಾನ ಸಮಿತಿಯ ಅಧ್ಯಕ್ಷರು ಕೂತಂತೆ ಚಿತ್ರ ಮಾಡಿ ಹಾಕಿದ. ಅಧ್ಯಕ್ಷರು ‘ಇದು ಮಾನನಷ್ಟ, ಧಾರ್ಮಿಕ ಭಾವನೆಗೆ ಧಕ್ಕೆ. ಇಬ್ಬರ ಮೇಲೂ ಕೇಸು, ಅಡ್ಮಿನ್ ಮೇಲೂ ಕೇಸು’ ಎನ್ನುತ್ತಿದ್ದಾರೆ. ಈ ಗಲಾಟೆಯ ನಡುವೆ ಇನ್ನೊಬ್ಬರು ಒಂದು ಸಮುದಾಯದವರ ಬಗ್ಗೆ ಯಾವುದೋ ವಿಡಿಯೊ ಫಾರ್ವರ್ಡ್ ಮಾಡಿ, ‘ಸಂತೆ ಬೀದಿಯಿಂದ ಇವರ ಅಂಗಡಿ ಎತ್ತಿಸಲೇಬೇಕು. ಶುಕ್ರವಾರ ಸಂಜೆ ಆರಕ್ಕೆ ಎಲ್ಲರೂ ಬನ್ನಿ, ಬರಿಗೈಲಿ ಬರಬೇಡಿ’ ಎಂದು ಹಾಕಿದ್ದಾರೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ವಾಕ್ ಸ್ವಾತಂತ್ರ್ಯ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದರ ಮಿತಿ ಎಲ್ಲಿ? ನಾನೇನು ಮಾಡಬೇಕು?
(ಹೆಸರು ಬೇಡ, ತುಮಕೂರು ಜಿಲ್ಲೆ)

ಉತ್ತರ: ‘ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ’ ಎಂಬ ಸಾಲು ಓದಿದ ದಿನವೇ ನಿಮಗೆ ಫೋನ್ ಮಾಡಿದ್ದೆ. ಮೂರನೆಯ ಸಂದೇಶದ ಬಗ್ಗೆ ಏನು ಮಾಡಬೇಕೆಂದು ಆಗಲೇ ಹೇಳಿದ್ದೇನೆ, ನೀವು ಮಾಡಿದ್ದೀರಿ ಕೂಡ. ಇಂಥದ್ದಕ್ಕೆ ಅಂಕಣದ ಸರದಿ ಬರುವವರೆಗೆ ಕಾಯಲಾಗುವುದಿಲ್ಲ. ಈಗ ನಿಧಾನವಾಗಿ ಕೂತು ಬರೆಯುತ್ತಿರುವುದು ಉಳಿದ ಓದುಗರಿಗೂ ಆಗಲಿ ಎಂದು. ಇಪ್ಪತ್ತೈದು ವರ್ಷದ ವಕೀಲಿಕೆಯಲ್ಲಿ ಇದೇ ಕಥೆಯನ್ನು ಬೇರೆ ಬೇರೆ ಊರಿನ ಹೆಸರಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ದೂರು ಬರುವುದು ಲೆಕ್ಕ ಕೇಳಿದವನ ಮೇಲೆ, ಚಿತ್ರ ಬರೆದವನ ಮೇಲೆ. ‘ಬರಿಗೈಲಿ ಬರಬೇಡಿ’ ಎಂದವನು ಮಾತ್ರ ಆರಾಮಾಗಿ ಚಹಾ ಕುಡಿಯುತ್ತಿರುತ್ತಾನೆ.

ಮೊದಲು ಸಂವಿಧಾನ ಏನು ಹೇಳುತ್ತದೆ ನೋಡೋಣ. 19(1)(ಎ) ವಿಧಿ ಎಲ್ಲ ಪ್ರಜೆಗಳಿಗೂ ಮಾತಿನ, ಅಭಿವ್ಯಕ್ತಿಯ ಹಕ್ಕು ಕೊಡುತ್ತದೆ. 19(2) ವಿಧಿ ಅದಕ್ಕೆ ಮಿತಿ ಹಾಕುತ್ತದೆ. ಮಿತಿ ಹಾಕಲು ಸರ್ಕಾರಕ್ಕೆ ಇರುವ ಕಾರಣಗಳು ಎಂಟೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಗೆ ಒಂಬತ್ತನೆಯದನ್ನು ಸೇರಿಸುವಂತಿಲ್ಲ ಎಂದು 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ‘ಮನಸ್ಸಿಗೆ ನೋವು’ ಅದರಲ್ಲಿಲ್ಲ. ‘ಊರಿನ ಮರ್ಯಾದೆ’ ಇಲ್ಲ. ‘ದೊಡ್ಡವರಿಗೆ ಅಗೌರವ’ವೂ ಇಲ್ಲ.

ಈ ಪಟ್ಟಿ 1950ರಲ್ಲಿ ಇನ್ನೂ ಚಿಕ್ಕದಿತ್ತು. ಮದರಾಸು ಸರ್ಕಾರ ‘ಕ್ರಾಸ್ ರೋಡ್ಸ್’ ಎಂಬ ಎಡಪಂಥೀಯ ಪತ್ರಿಕೆ ತನ್ನ ಪ್ರಾಂತ್ಯದೊಳಗೆ ಬರದಂತೆ ತಡೆದಿತ್ತು. ದೆಹಲಿ ಆಡಳಿತ ‘ಆರ್ಗನೈಸರ್’ ಎಂಬ ಬಲಪಂಥೀಯ ಪತ್ರಿಕೆಗೆ, ಅಚ್ಚಿಗೆ ಹೋಗುವ ಮುನ್ನ ಎಲ್ಲವನ್ನೂ ತಂದು ತೋರಿಸಬೇಕೆಂದು ಆದೇಶ ಮಾಡಿತ್ತು. 1950ರ ಮೇ 26ರಂದು, ಒಂದೇ ದಿನ, ಸುಪ್ರೀಂ ಕೋರ್ಟ್ ಎರಡೂ ಆದೇಶಗಳನ್ನು ತಳ್ಳಿಹಾಕಿತು. ಸರ್ಕಾರಕ್ಕೆ ಇದು ನುಂಗಲಾರದ ತುತ್ತಾಯಿತು. ಮರುವರ್ಷ ಮೊದಲನೆಯ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ, ವಿದೇಶಿ ಸಂಬಂಧ ಎಂಬ ಮೂರು ಕಾರಣಗಳು ಸೇರಿದವು. ಜೊತೆಗೆ ‘ಸಮಂಜಸ’ ಎಂಬ ಒಂದು ಪದವೂ ಸೇರಿತು. ನಿರ್ಬಂಧ ಇದ್ದರಷ್ಟೇ ಸಾಲದು, ಅದು ಸಮಂಜಸವಾಗಿರಬೇಕು. ನಮ್ಮಂಥ ವಕೀಲರು ಇವತ್ತಿಗೂ ಅನ್ನ ತಿನ್ನುತ್ತಿರುವುದು ಆ ಒಂದು ಪದದಿಂದ ಎಂದರೆ ತಪ್ಪಿಲ್ಲ.

ಸಮಂಜಸ ಎಂದರೆ ಏನು? ನ್ಯಾಯಾಲಯಗಳು ಇದಕ್ಕೆ ಕೊಟ್ಟ ಉತ್ತರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ‘ಹತ್ತಿರ’ ಎಂಬ ವಿಚಾರ. 1954ರಲ್ಲಿ ರಾಮಮನೋಹರ ಲೋಹಿಯಾ ಉತ್ತರ ಪ್ರದೇಶದ ರೈತರಿಗೆ, ಏರಿಸಿದ ನೀರಾವರಿ ಕರ ಕಟ್ಟಬೇಡಿ ಎಂದು ಭಾಷಣ ಮಾಡಿದರು, ಬಂಧನವಾಯಿತು. ಸರ್ಕಾರದ ವಾದ ಹೀಗಿತ್ತು: ಒಬ್ಬ ಕರ ಕಟ್ಟದಿದ್ದರೆ ಇನ್ನೊಬ್ಬ ಕಟ್ಟುವುದಿಲ್ಲ, ಕೊನೆಗೆ ಅದೇ ದೊಡ್ಡ ಚಳವಳಿಯಾಗಿ ಸುವ್ಯವಸ್ಥೆ ಕೆಡುತ್ತದೆ. 1960ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾತಿಗೂ ಗಲಭೆಗೂ ನಡುವಿನ ನಂಟು ಹತ್ತಿರದ್ದಾಗಿರಬೇಕು, ಎಳೆದು ತಂದು ಕಟ್ಟಿದ್ದಾಗಿರಬಾರದು ಎಂದಿತು. 1989ರಲ್ಲಿ, ಮೀಸಲಾತಿಯನ್ನು ಟೀಕಿಸಿದ ಒಂದು ತಮಿಳು ಚಿತ್ರದ ಪ್ರಕರಣದಲ್ಲಿ (ಎಸ್. ರಂಗರಾಜನ್) ಇದನ್ನೇ ಒಂದು ಉಪಮೆಯಲ್ಲಿ ಹೇಳಿತು: ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದು ಅಷ್ಟಾಗಿ ಪ್ರಚಾರಕ್ಕೆ ಬರುವುದಿಲ್ಲ. ಕೇಳುವವರು ಗಲಾಟೆ ಮಾಡುತ್ತಾರೆ, ಅವರನ್ನು ತಡೆಯಲು ನಮ್ಮಿಂದ ಆಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ. ಮಾತಾಡುವವನಿಗೆ ರಕ್ಷಣೆ ಕೊಡುವುದೇ ಅದರ ಕೆಲಸ.

2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪು ಇದನ್ನು ಫೋನಿನ ಕಾಲಕ್ಕೆ ತಂದಿತು. ಹಿನ್ನೆಲೆ ನಿಮಗೆ ನೆನಪಿರಬಹುದು. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಗಿದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಹುಡುಗಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರೂ ಬಂಧನಕ್ಕೊಳಗಾದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ‘ಕಿರಿಕಿರಿ’, ‘ಅನನುಕೂಲ’ ಮಾಡುವ ಸಂದೇಶವನ್ನೂ ಅಪರಾಧ ಮಾಡಿಟ್ಟಿತ್ತು. ಕೋರ್ಟ್ ಆ ಸೆಕ್ಷನ್ನನ್ನೇ ಕಿತ್ತುಹಾಕಿತು. ಆಗ ಅದು ಇಟ್ಟ ಮೂರು ಮೆಟ್ಟಿಲು ಹೀಗಿವೆ: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡರಲ್ಲಿ ಮಾತು ಎಷ್ಟೇ ಕಹಿಯಾಗಿದ್ದರೂ ಕೈ ಹಾಕುವಂತಿಲ್ಲ. ಮೂರನೆಯ ಮೆಟ್ಟಿಲಿಗೆ ಬಂದಾಗ ಮಾತ್ರ ಕಾನೂನು ಒಳಗೆ ಬರಬಹುದು.

ಒಂದು ಅಡ್ಡಮಾತು. 66ಎ ಸತ್ತು ಎರಡು ವರ್ಷವಾದ ಮೇಲೂ ನನ್ನ ಕಕ್ಷಿದಾರನೊಬ್ಬನ ಎಫ್‌ಐಆರ್‌ನಲ್ಲಿ ಅದು ಜೀವಂತವಾಗಿ ಕೂತಿತ್ತು. ತೀರ್ಪಿನ ಪ್ರತಿ ತೆಗೆದುಕೊಂಡು ಠಾಣೆಗೆ ಹೋದರೆ, ‘ಸಾರ್, ನಮ್ಮ ಕಂಪ್ಯೂಟರ್‌ನಲ್ಲಿ ಇನ್ನೂ ಬರುತ್ತಲ್ಲ’ ಎಂದರು. ಇದು ಆ ಒಂದು ಠಾಣೆಯ ಕಥೆಯಲ್ಲ. ಇಂಥವು ದೇಶದ ತುಂಬ ನಡೆದಿದ್ದಕ್ಕೆ 2021ರಲ್ಲಿ ಸುಪ್ರೀಂ ಕೋರ್ಟೇ ಬೆಚ್ಚಿತು, 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಆದೇಶ ಮಾಡಿ 66ಎ ಅಡಿ ಯಾರನ್ನೂ ವಿಚಾರಣೆಗೆ ಒಳಪಡಿಸಬಾರದು ಎನ್ನಬೇಕಾಯಿತು.

ಈಗ ನಿಮ್ಮ ಗುಂಪಿಗೆ ಬರುತ್ತೇನೆ. ಲೆಕ್ಕ ಕೇಳಿದ ಸಂದೇಶದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ವಂತಿಗೆ ಕೊಟ್ಟವನು ಲೆಕ್ಕ ಕೇಳುತ್ತಾನೆ. ಅವರು ‘ಅಧ್ಯಕ್ಷರು ಇಷ್ಟು ಹಣ ತಿಂದರು’ ಎಂದು ಬರೆದಿದ್ದರೆ ಮಾತು ಬೇರೆ, ಆಗ ಅದನ್ನು ರುಜುವಾತು ಮಾಡುವ ಹೊರೆ ಅವರ ಹೆಗಲಿಗೆ ಬರುತ್ತಿತ್ತು. ಬರೆದಿದ್ದು ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆ ಅದಕ್ಕೆ ಪ್ರಶ್ನೆ ಕೇಳಿದವರು ಹೊಣೆಯಲ್ಲ.

ಆದರೂ ಮಾನನಷ್ಟದ ಬಗ್ಗೆ ಒಂದಿಷ್ಟು ತಿಳಿದಿರಲಿ, ಹಳ್ಳಿಯಲ್ಲಿ ಹೆದರಿಸಲು ಹೆಚ್ಚು ಬಳಕೆಯಾಗುವುದು ಈ ಪದವೇ. ಹಳೆಯ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಇದಕ್ಕೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಸಮುದಾಯ ಸೇವೆ ವಿಧಿಸಬಹುದು. ಆದರೆ ಇದು ಅಸಂಜ್ಞೇಯ ಅಪರಾಧ, ಠಾಣೆ ಭಾಷೆಯಲ್ಲಿ ‘ಎನ್‌ಸಿ’. ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹಿಡಿದುಕೊಂಡು ಹೋಗುವಂಥದ್ದಲ್ಲ. ಅಧ್ಯಕ್ಷರು ತಾವೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕಬೇಕು, ಸಾಕ್ಷಿಕಟ್ಟೆ ಹತ್ತಬೇಕು, ಪಾಟೀಸವಾಲು ಎದುರಿಸಬೇಕು. ಅಲ್ಲಿ ಮೊದಲ ಪ್ರಶ್ನೆಯೇ ‘ಲೆಕ್ಕದ ಪುಸ್ತಕ ತಂದಿದ್ದೀರಾ’ ಎಂದಾಗುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸಾರ್ವಜನಿಕ ಕೆಲಸದಲ್ಲಿರುವವರ ನಡವಳಿಕೆ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ, ಎರಡಕ್ಕೂ ಅದೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಮಾನನಷ್ಟ ಕ್ರಿಮಿನಲ್ ಅಪರಾಧವಾಗಿ ಉಳಿಯಬಾರದು, ಪರಿಹಾರ ಕೇಳುವ ಸಿವಿಲ್ ದಾವೆ ಸಾಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಆದ್ದರಿಂದ ನನ್ನ ಅಭಿಪ್ರಾಯ ನಿಮ್ಮ ಕೈಗೆ ಕೊಡೆಯಾಗುವುದಿಲ್ಲ.

ಹುಡುಗನ ಚಿತ್ರದ ವಿಷಯ ಇಷ್ಟು ಸಲೀಸಲ್ಲ. ಭಾವನೆಗೆ ಧಕ್ಕೆ ಎಂಬ ಮಾತು ಕಾನೂನಿನಲ್ಲಿ ಇದೆ. ಹಳೆಯ ದಂಡ ಸಂಹಿತೆಯ 295ಎ, ಈಗಿನ 299ನೇ ಸೆಕ್ಷನ್. ಮೂರು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಆದರೆ ಅದರಲ್ಲಿ ಎರಡು ಪದಗಳಿವೆ: ಉದ್ದೇಶಪೂರ್ವಕ ಮತ್ತು ದುರುದ್ದೇಶದ. ಎರಡೂ ಒಟ್ಟಿಗೆ ಇರಬೇಕು, ಮತ್ತು ಗುರಿ ಒಂದು ವರ್ಗದ ಜನರ ಧರ್ಮವಾಗಿರಬೇಕು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಉಳಿಸಿದ್ದೇ ಈ ಎರಡು ಪದಗಳ ಬಲದ ಮೇಲೆ. ಅರಿವಿಲ್ಲದೆ, ಅಜಾಗ್ರತೆಯಿಂದ, ದುರುದ್ದೇಶವಿಲ್ಲದೆ ಆಡಿದ್ದು ಇದರೊಳಗೆ ಬರುವುದಿಲ್ಲ ಎಂದಿತು. ಹುಡುಗ ಗೇಲಿ ಮಾಡಿದ್ದು ದೇವರನ್ನಲ್ಲ, ದೇವರ ಜಾಗದಲ್ಲಿ ಕೂತಂತೆ ವರ್ತಿಸುತ್ತಾರೆಂದು ಅವನಿಗೆ ಅನಿಸಿದ ಅಧ್ಯಕ್ಷರನ್ನು. ಭಕ್ತಿಯ ಕಡೆಯಿಂದ ನೋಡಿದರೆ ಅವನು ದೇವರ ಪರವಾಗಿಯೇ ಮಾತಾಡಿದ್ದಾನೆ ಎಂದೂ ವಾದ ಮಾಡಬಹುದು, ನಾನಾದರೆ ಮಾಡುತ್ತೇನೆ.

ನೋವಾಗಿದೆ ಎಂದವರ ನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನೋವಿನ ವಿಚಾರದಲ್ಲಿ ನಮ್ಮನ್ನೇ ಪರೀಕ್ಷಿಸಿದ ಒಂದು ಪ್ರಸಂಗ ಹೇಳುತ್ತೇನೆ. 2025ರ ಮೇನಲ್ಲಿ ಚೆನ್ನೈನ ಸಮಾರಂಭದಲ್ಲಿ ಕಮಲ್ ಹಾಸನ್, ಕನ್ನಡ ತಮಿಳಿನಿಂದ ಹುಟ್ಟಿತು ಎಂಬರ್ಥದ ಮಾತಾಡಿದರು. ನನಗೂ ಸಿಟ್ಟು ಬಂತು. ಭಾಷಾಶಾಸ್ತ್ರದ ಪ್ರಕಾರ ಅದು ತಪ್ಪು: ಎರಡೂ ಒಂದೇ ಮೂಲದ್ರಾವಿಡದಿಂದ ಕವಲೊಡೆದ ಭಾಷೆಗಳು, ಅಕ್ಕತಂಗಿಯರು. ಕ್ಷಮೆ ಕೇಳದಿದ್ದರೆ ಅವರ ‘ಥಗ್ ಲೈಫ್’ ಚಿತ್ರ ರಾಜ್ಯದಲ್ಲಿ ಬಿಡುಗಡೆಯಾಗದು ಎಂದು ಇಲ್ಲಿನ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ಹೈಕೋರ್ಟ್ ಕೂಡ ‘ಒಂದು ಕ್ಷಮೆ ಕೇಳಿದರೆ ಮುಗಿಯುತ್ತಿತ್ತಲ್ಲ’ ಎಂಬ ಧಾಟಿಯಲ್ಲಿ ಮಾತಾಡಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿಯಿತು. ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಟ್ಟ ಚಿತ್ರವನ್ನು ಗುಂಪಿನ ಬೆದರಿಕೆಗೆ ಬಗ್ಗಿ ನಿಲ್ಲಿಸುವಂತಿಲ್ಲ. ಹೇಳಿಕೆ ತಪ್ಪಾಗಿದ್ದರೆ ಎದುರು ಹೇಳಿಕೆ ಕೊಡಿ, ಚರ್ಚೆ ಮಾಡಿ ಎಂದಿತು. ಚಿತ್ರ ಬಿಡುಗಡೆಯಾದರೆ ರಕ್ಷಣೆ ಕೊಡುವುದಾಗಿ ರಾಜ್ಯ ಸರ್ಕಾರ ಒಪ್ಪಿಕೊಂಡಿತು. ಕೋರ್ಟ್ ಹೇಳಿದ್ದು ಸರಿ ಎಂದಿದ್ದಕ್ಕೆ ಆ ವಾರ ನನ್ನ ಕಚೇರಿಗೆ ಬಂದ ಸ್ನೇಹಿತರೆಲ್ಲ ನನ್ನ ಮೇಲೆ ಹರಿಹಾಯ್ದರು, ‘ನೀವೂ ಕನ್ನಡದವರೇನಾ?’ ಎಂದರು. ಭಾಷಾಶಾಸ್ತ್ರವನ್ನು ಮುಂದಿಟ್ಟು ಕಮಲ್ ಅವರನ್ನು ಸುಳ್ಳಾಗಿಸಬಹುದಾದ ನಾವು, ಥಿಯೇಟರ್ ಪರದೆ ಹರಿಯುವ ಮಾತಾಡಿ ಅವರನ್ನು ಹುತಾತ್ಮರನ್ನಾಗಿ ಮಾಡಬೇಕಿತ್ತೇ? ಅಂದಿದ್ದು ತಪ್ಪು. ತಪ್ಪು ಹೇಳುವುದು ಅಪರಾಧವಲ್ಲ.

ಹಾಗಾದರೆ ಯಾರ ಕಿವಿಯಿಂದ ಕೇಳಿ ತೀರ್ಮಾನಿಸಬೇಕು? 1940ರ ದಶಕದಲ್ಲಿ ನಾಗಪುರ ಹೈಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಹೇಳಿದ ಅಳತೆಗೋಲನ್ನು ಇಂದಿಗೂ ಬಳಸುತ್ತಾರೆ: ವಿವೇಕ ಇರುವ, ಗಟ್ಟಿ ಮನಸ್ಸಿನ, ಧೈರ್ಯದ ಮನುಷ್ಯನಿಗೆ ಆ ಮಾತು ಹೇಗೆ ಕೇಳಿಸುತ್ತದೆ ಎಂದು ನೋಡಬೇಕು, ಪ್ರತಿ ಮಾತಿನಲ್ಲೂ ಅಪಾಯ ಕಾಣುವ ಹೊಯ್ದಾಟದ ಮನಸ್ಸಿನವರ ಕಿವಿಯಿಂದ ಅಲ್ಲ. 2024ರ ಮಾರ್ಚ್‌ನಲ್ಲಿ ಕೊಲ್ಲಾಪುರದ ಪ್ರಾಧ್ಯಾಪಕರೊಬ್ಬರ ವಾಟ್ಸಾಪ್ ಸ್ಟೇಟಸ್ ಪ್ರಕರಣದಲ್ಲಿ, 2025ರ ಮಾರ್ಚ್ 28ರಂದು ಸಂಸದ ಇಮ್ರಾನ್ ಪ್ರತಾಪ್‌ಗಢಿಯವರ ಮೇಲೆ ಒಂದು ಪದ್ಯದ ಕಾರಣಕ್ಕೆ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರ್ ರದ್ದು ಮಾಡುವಾಗ, ಸುಪ್ರೀಂ ಕೋರ್ಟ್ ಇದೇ ಅಳತೆಗೋಲು ಹಿಡಿಯಿತು.

ಎಲ್ಲ ತೀರ್ಪುಗಳೂ ಹೀಗೇ ಇವೆ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು. ಬಸವಣ್ಣನವರ ಕುಟುಂಬದ ಬಗ್ಗೆ ಬರೆದದ್ದು ಭಕ್ತರಿಗೆ ನೋವು ತಂದಿದೆ ಎಂಬುದು ಕಾರಣ. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರು. 2007ರಲ್ಲಿ ಕೋರ್ಟ್ ಸರ್ಕಾರದ ಪರವಾಗಿ ನಿಂತಿತು. ಆ ತೀರ್ಪು ಸರಿಯೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಕಾದಂಬರಿಯಿಂದ ಗಲಭೆಗೆ ಇರುವ ದೂರವನ್ನು ಅಲ್ಲಿ ಅಳೆಯಲೇ ಇಲ್ಲ, ಓದಿದವರ ನೋವನ್ನೇ ಅಳತೆ ಮಾಡಿದರು ಎಂಬುದು ನನ್ನ ತಕರಾರು. ಆದರೆ ಆ ತೀರ್ಪು ಇದೆ. ನಿಮ್ಮ ಹುಡುಗನ ಚಿತ್ರದಲ್ಲಿ ಅಧ್ಯಕ್ಷರ ಬದಲು ದೇವರೇ ಗೇಲಿಗೆ ಗುರಿಯಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ.

ಇನ್ನೊಂದು ಕಹಿ ಸತ್ಯ: ಗೆದ್ದರೂ ಸೋತ ಹಾಗಿರುತ್ತದೆ. 2020ರ ಜನವರಿಯಲ್ಲಿ ಬೀದರ್‌ನ ಒಂದು ಶಾಲೆಯ ಮಕ್ಕಳ ನಾಟಕದ ಮೇಲೆ ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಜೈಲಿಗೆ ಹೋದರು. ಹೈಕೋರ್ಟಿನ ಕಲಬುರಗಿ ಪೀಠ ಆ ಕೇಸನ್ನು ರದ್ದು ಮಾಡಿದ್ದು 2023ರಲ್ಲಿ. ಆ ಮಧ್ಯದ ವರ್ಷಗಳನ್ನು ಅವರಿಗೆ ಯಾರು ವಾಪಸು ಕೊಡುತ್ತಾರೆ? ಅದಕ್ಕೇ ನಾನು ಹುಡುಗನ ತಂದೆ ತಾಯಿಗೆ ‘ಹೆದರಬೇಡಿ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ.

ದೂರು ಹೋದರೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ. ಮೂರು ವರ್ಷದಿಂದ ಏಳು ವರ್ಷದ ಒಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ, ಎಫ್‌ಐಆರ್‌ಗೆ ಮುನ್ನ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಲ್ಲಿ ಅವಕಾಶ ಇದೆ. ಮಾತು, ಬರಹದ ಪ್ರಕರಣಗಳಲ್ಲಿ ಈ ಅವಕಾಶ ಬಳಸುವುದೇ ಸೂಕ್ತ ಎಂದು ಇಮ್ರಾನ್ ಪ್ರಕರಣದಲ್ಲಿ ಕೋರ್ಟ್ ಹೇಳಿದೆ. ಇದನ್ನು ಒಂದು ಅರ್ಜಿಯಲ್ಲಿ ಬರೆದು ಡಿವೈಎಸ್‌ಪಿ ಕಚೇರಿಗೆ ಮೊದಲೇ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಠಾಣೆಗೆ ಬಂದು ಹೋಗಿ’ ಎಂದು ಫೋನ್ ಬಂದರೆ ವಿನಯವಾಗಿ ಲಿಖಿತ ನೋಟಿಸ್ ಕೇಳಿ. ಅಂಥ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಕೈಗೆ ಬಂದರೆ ಮಾತ್ರ ತಪ್ಪಿಸಬೇಡಿ, ವಕೀಲರ ಜೊತೆ ಹೋಗಿ. ಇನ್ನು 299ರ ಅಡಿ ಆರೋಪಪಟ್ಟಿ ಬಂದರೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ಈಗ ಮೂರನೆಯ ಸಂದೇಶ. ಜಾತ್ರೆಯ ಮಳಿಗೆ, ಸಂತೆಯ ಜಾಗ ಯಾರಿಗೆ ಕೊಡಬೇಕು ಎಂಬ ಬಗ್ಗೆ ಅಭಿಪ್ರಾಯ ಹೇಳುವುದು ಚರ್ಚೆ. ನನಗೆ ಒಪ್ಪಿಗೆಯಾಗದ ಅಭಿಪ್ರಾಯವೂ ಚರ್ಚೆಯೇ. ಪಂಚಾಯಿತಿಗೆ ಅರ್ಜಿ ಕೊಡೋಣ ಬನ್ನಿ ಎಂದರೆ ಪ್ರತಿಪಾದನೆ. ನಿಮ್ಮ ಗುಂಪಿನಲ್ಲಿ ಬಂದದ್ದರಲ್ಲಿ ಗುರಿಯಾದ ಜನ ಇದ್ದಾರೆ, ಬೀದಿಯ ಹೆಸರಿದೆ, ವಾರ ಇದೆ, ಗಂಟೆ ಇದೆ. ‘ಬರಿಗೈಲಿ ಬರಬೇಡಿ’ ಎಂಬ ಮಾತಿಗೆ ಹಣ್ಣುಕಾಯಿ ತನ್ನಿ ಎಂಬ ಅರ್ಥವನ್ನು ಯಾವ ವಕೀಲನೂ ಕಟ್ಟಲಾರ. ಮದ್ದಿನ ಪೀಪಾಯಿಯ ಉಪಮೆ ಹುಟ್ಟಿದ್ದೇ ಇಂಥದ್ದಕ್ಕೆ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದರ ವಿರುದ್ಧ ನ್ಯಾಯ ಸಂಹಿತೆಯಲ್ಲಿರುವ 196ನೇ ಸೆಕ್ಷನ್, ಸುಳ್ಳು ಸುದ್ದಿ ಹಬ್ಬಿಸಿ ದ್ವೇಷ ಹುಟ್ಟಿಸುವುದರ ವಿರುದ್ಧದ 353ನೇ ಸೆಕ್ಷನ್, ಅಪರಾಧಕ್ಕೆ ದುಷ್ಪ್ರೇರಣೆ, ಎಲ್ಲವೂ ಇಲ್ಲಿ ತೆರೆದುಕೊಳ್ಳುತ್ತವೆ. ಆ ವಿಡಿಯೊ ಎಲ್ಲಿಯದು, ಯಾವ ವರ್ಷದ್ದು ಎಂದು ಹಾಕಿದವರಿಗೇ ಗೊತ್ತಿರಲಿಲ್ಲ ಎಂದು ನೀವು ಫೋನಿನಲ್ಲಿ ಹೇಳಿದಿರಿ. ‘ನಾನು ಬರೆದಿದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಕೆಳಗೆ ಹೊತ್ತು, ಬೀದಿ ಬರೆದು ಸೇರಿಸಿದ್ದು ಅವರೇ.

ಲೆಕ್ಕ ಕೇಳಿದ್ದಕ್ಕೆ ಅಧ್ಯಕ್ಷರ ಮುಖಕ್ಕೆ ಮಸಿ ಬಿತ್ತು, ಅಷ್ಟೆ. ಚಿತ್ರದಿಂದ ನಾಲ್ಕು ಜನ ನಕ್ಕರು. ಮೂರನೆಯದರಿಂದ ಸಂತೆ ಬೀದಿಯಲ್ಲಿ ಯಾರದೋ ತಲೆ ಒಡೆಯುತ್ತಿತ್ತು. ಒಂದು ಮಾತು ಗೆರೆ ದಾಟಿತೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ: ಇದನ್ನು ಕೇಳಿಸಿಕೊಂಡವರು ಮುಂದೆ ಏನು ಮಾಡುತ್ತಾರೆ, ಅದು ಯಾರ ಮೈಮೇಲೆ ಬೀಳುತ್ತದೆ, ತಡೆಯಲು ಎಷ್ಟು ಹೊತ್ತಿದೆ. ಯಾರು ಬೇಜಾರಾದರು ಎಂಬುದನ್ನು ಆಮೇಲೆ ಕೇಳುತ್ತೇನೆ.

ಅಡ್ಮಿನ್ ಆಗಿ ನಿಮ್ಮ ಹೊಣೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವಂತಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ, ಮಾತು ನನ್ನದು, ಅರ್ಥ ಅವರದು. ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ, ಅವರೊಂದಿಗೆ ಕೈಜೋಡಿಸಿರಬಾರದು ಅಷ್ಟೆ. ಇವು ಬೇರೆ ರಾಜ್ಯದ ಹೈಕೋರ್ಟುಗಳ ತೀರ್ಪು, ನಮ್ಮ ನ್ಯಾಯಾಲಯಗಳು ಅವನ್ನು ಗೌರವದಿಂದ ನೋಡುತ್ತವೆ ಎಂದಷ್ಟು ಹೇಳಬಲ್ಲೆ. ಆದರೆ ಅಂಥ ಸಂದೇಶಕ್ಕೆ ನೀವು ಮೆಚ್ಚುಗೆಯ ಹೆಬ್ಬೆರಳಿನ ಚಿಹ್ನೆ ಒತ್ತಿದ್ದರೆ ನನ್ನ ಕೆಲಸ ಕಷ್ಟವಾಗುತ್ತಿತ್ತು. ನೀವು ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಸಂದೇಶ ಅಳಿಸಿ, ಹಾಕಿದವರನ್ನು ಗುಂಪಿನಿಂದ ತೆಗೆದು, ಠಾಣೆಗೆ ಲಿಖಿತವಾಗಿ ತಿಳಿಸಿದ್ದು ಸರಿಯಾಯಿತು. ಶುಕ್ರವಾರ ಸಂಜೆ ಬೀದಿಯಲ್ಲಿ ಇಬ್ಬರು ಕಾನ್‌ಸ್ಟೇಬಲ್ ನಿಂತಿದ್ದರು, ಯಾರೂ ಬರಲಿಲ್ಲ ಎಂದು ನೀವು ಕಳಿಸಿದ ಸಂದೇಶ ನೋಡಿ ಸಮಾಧಾನವಾಯಿತು.

ಲೆಕ್ಕದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ದೇವಸ್ಥಾನ ಮುಜರಾಯಿಗೆ ಸೇರಿದ್ದಾದರೆ ಗುಂಪಿನಲ್ಲಿ ಕೇಳಿ ಜಗಳ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಗೆ ಅರ್ಜಿ ಹಾಕಲು ಅವರಿಗೆ ಹೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ಅಧ್ಯಕ್ಷರ ಹೆಸರು ಬರೆಯುವುದು ಬೇಡ, ಜಾತ್ರೆಯ ತಾರೀಕು ಬರೆದರೆ ಸಾಕು.